ಕುದುರೆ ಬಿಚ್ಚಿದ ಮೇಲೆ ಉಳಿದ ಗಾಡಿ

ಮೊದಲ ದಿನ, ಗುರುವಾರ: ಸೌತ್ ಬೆಂಡ್

ಶಿಕಾಗೋದಿಂದ ಸೌತ್ ಬೆಂಡ್‌ಗೆ ಸುಮಾರು 150 ಕಿಲೋಮೀಟರ್. ಎಂಟಕ್ಕೆ ಹೊರಟರೆ ಹತ್ತಕ್ಕೆ ಅಲ್ಲಿರುತ್ತೇವೆ ಎಂದು ಅಕ್ಕನ ಮಗ ಲೆಕ್ಕ ಹಾಕಿದ್ದ. ತಲುಪಿದಾಗ ಅಲ್ಲಿನ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ದಾರಿಯಲ್ಲಿ ನಾವೆಲ್ಲೂ ತಡ ಮಾಡಿರಲಿಲ್ಲ. ಇಂಡಿಯಾನಾ ರಾಜ್ಯದ ಒಳಗೇ ಒಂದು ಕಡೆ ಕಾಲವಲಯ ಬದಲಾಗುತ್ತದೆ, ಅಲ್ಲಿ ಒಂದು ಗಂಟೆ ಜಾರಿ ಹೋಗಿತ್ತು. ಹತ್ತು ವರ್ಷದಿಂದ ಈ ದೇಶದಲ್ಲಿರುವವನು ಅವನು, ಬಂದು ಹತ್ತು ದಿನವಾದವನು ನಾನು. ಇಬ್ಬರಿಗೂ ಗೊತ್ತಿರಲಿಲ್ಲ.

ಡೆಟ್ರಾಯಿಟ್ ತೋರಿಸುತ್ತೇನೆ ಎಂದು ಅವನು ಹಟ ಹಿಡಿದಿದ್ದ. ಕಾರು ಅಂದರೆ ಡೆಟ್ರಾಯಿಟ್ ತಾನೇ? ನನಗೆ ಬೇಕಾಗಿದ್ದದ್ದು ಕಾರಿಗಿಂತ ಒಂದು ಹೆಜ್ಜೆ ಹಿಂದಿನದು. ನನ್ನ ಅಜ್ಜ ಎತ್ತಿನ ಗಾಡಿ ಮಾಡುತ್ತಿದ್ದ ಬಡಗಿ. ಕೆಂಡದಲ್ಲಿ ಕಾದ ಕಬ್ಬಿಣದ ಪಟ್ಟಾವನ್ನು ಮರದ ಚಕ್ರಕ್ಕೆ ಏರಿಸಿ ನೀರು ಸುರಿದಾಗ ಏಳುತ್ತಿದ್ದ ಹೊಗೆ, ಚುಂಯ್ ಎನ್ನುವ ಸದ್ದು, ಬಿಗಿಯುತ್ತಾ ಬರುವ ಮರದ ಲಟಲಟ, ಇವು ಇನ್ನೂ ಕಿವಿಯಲ್ಲಿವೆ. ಅಂಥ ಗಾಡಿ ಮಾಡುವವರು ಕಾರು ಮಾಡಲು ಹೊರಟ ಊರುಗಳಿವೆಯಂತೆ, ಒಂದರ ಪಕ್ಕ ಒಂದು, ಉತ್ತರ ಇಂಡಿಯಾನಾದಲ್ಲಿ. ಅದನ್ನು ನೋಡಬೇಕಿತ್ತು.

ಸೇಂಟ್ ಜೋಸೆಫ್ ನದಿ ದಕ್ಷಿಣಕ್ಕೆ ಬಾಗಿ ಮತ್ತೆ ಉತ್ತರಕ್ಕೆ ತಿರುಗುವ ಜಾಗದಲ್ಲಿ ಈ ಊರು ಇದೆ. ಹೆಸರೂ ಅದರಿಂದಲೇ. 1852ರ ಫೆಬ್ರವರಿಯಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಸ್ಟೂಡಿಬೇಕರ್ ಎಂಬ ಅಣ್ಣತಮ್ಮಂದಿರು ಇಲ್ಲಿ ಕುಲುಮೆ ಹೂಡಿದರು. ಕೈಯಲ್ಲಿದ್ದದ್ದು 68 ಡಾಲರ್ ಎಂದು ಹೇಳುತ್ತಾರೆ. ಮೂರನೆಯವನು ಜಾನ್, ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲಿ ಚಿನ್ನ ಅಗೆಯಲಿಲ್ಲ, ಅಗೆಯುವವರಿಗೆ ತಳ್ಳುಗಾಡಿ ಮಾಡಿಕೊಟ್ಟ. ಐದು ವರ್ಷದಲ್ಲಿ 8000 ಡಾಲರ್ ಕಟ್ಟಿಕೊಂಡು 1858ರಲ್ಲಿ ಊರಿಗೆ ಬಂದು ಅಣ್ಣಂದಿರ ವ್ಯಾಪಾರಕ್ಕೆ ಸುರಿದ. 'ತಳ್ಳುಗಾಡಿ ಜಾನಿ' ಎಂಬ ಅಡ್ಡಹೆಸರು ಅವನನ್ನು ಕೊನೆವರೆಗೂ ಬಿಡಲಿಲ್ಲ. ಅಮೆರಿಕದ ಅಂತರ್ಯುದ್ಧಕ್ಕೆ ಸೈನ್ಯದ ಬಂಡಿಗಳು ಬೇಕಾದವು, ಪಶ್ಚಿಮಕ್ಕೆ ವಲಸೆ ಹೊರಟ ಸಂಸಾರಗಳಿಗೂ ಬೇಕಾದವು. ಆ ಶತಮಾನ ಮುಗಿಯುವ ಹೊತ್ತಿಗೆ ಜಗತ್ತಿನಲ್ಲೇ ಅತಿ ದೊಡ್ಡ ಗಾಡಿ ಕಾರ್ಖಾನೆ ತಮ್ಮದು ಎಂದು ಅಣ್ಣತಮ್ಮಂದಿರು ಜಾಹೀರಾತು ಕೊಡುತ್ತಿದ್ದರು.

ಸ್ಟೂಡಿಬೇಕರ್ ಮ್ಯೂಸಿಯಮ್ಮಿಗೆ ಬರುವವರು ಸಾಮಾನ್ಯವಾಗಿ ಲಿಂಕನ್ನನ ಸಾರೋಟಿನ ಮುಂದೆ ನಿಲ್ಲುತ್ತಾರೆ. ನಾವೂ ನಿಂತೆವು. 1865ರ ಏಪ್ರಿಲ್ 14ರ ಸಂಜೆ ಗಂಡ ಹೆಂಡತಿ ನಾಟಕ ನೋಡಲು ಫೋರ್ಡ್ಸ್ ಥಿಯೇಟರಿಗೆ ಹೋದದ್ದು ಇದರಲ್ಲೇ. ಸ್ಟೂಡಿಬೇಕರ್‌ಗಳು ಇದನ್ನು ಮಾಡಿದವರಲ್ಲ, ಆಮೇಲೆ ಕೊಂಡವರು. ಅಧ್ಯಕ್ಷರು ಕೂತ ಗಾಡಿಗಳನ್ನು ಕೂಡಿಡುವ ಹವ್ಯಾಸ ಕ್ಲೆಮೆಂಟ್‌ನಿಗಿತ್ತು. ಒಳಗಿನ ಸೀಟು ನಾನು ಊಹಿಸಿದ್ದಕ್ಕಿಂತ ತೀರಾ ಚಿಕ್ಕದು. ಅಷ್ಟು ಉದ್ದದ ಮನುಷ್ಯ ಮೊಣಕಾಲನ್ನು ಎಲ್ಲಿಟ್ಟುಕೊಳ್ಳುತ್ತಿದ್ದನೋ.

ನಾನು ಹೆಚ್ಚು ಹೊತ್ತು ಕಳೆದದ್ದು ಪಕ್ಕದ ಒಂದು ಸಾದಾ ಬಂಡಿಯ ಚಕ್ರದ ಹತ್ತಿರ. ಮುಂದಿನಿಂದ ನೋಡಿದರೆ ಈ ಚಕ್ರ ಚಪ್ಪಟೆಯಲ್ಲ, ಅಗಲ ತಟ್ಟೆಯ ಹಾಗೆ ಸ್ವಲ್ಪ ಕುಳಿ. ಅರೆಕಾಲುಗಳು, ಅಂದರೆ ಚಕ್ರದ ಕಡ್ಡಿಗಳು, ನಡುವಿನ ಗುಂಬದಿಂದ ಹೊರಗೆ ಬಾಗಿ ನಿಂತಿರುತ್ತವೆ. ಎಳೆಯುವ ಪ್ರಾಣಿ ನಡೆಯುವಾಗ ಬಂಡಿ ಎಡಕ್ಕೂ ಬಲಕ್ಕೂ ವಾಲುತ್ತದೆ, ಆ ಅಡ್ಡ ಒತ್ತಡಕ್ಕೆ ನೆಟ್ಟಗಿನ ಚಕ್ರವಾದರೆ ಕಳಚಿಕೊಂಡುಬಿಡುತ್ತದೆ. ಕುಳಿ ಇದ್ದರೆ ತಡೆದುಕೊಳ್ಳುತ್ತದೆ. ಕಾದ ಪಟ್ಟಾ ತಣಿದು ಕುಗ್ಗುವಾಗ ಆ ಕುಳಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಅಜ್ಜನ ಚಕ್ರಕ್ಕೂ ಕುಳಿ ಇತ್ತು. ಅವನು ಕಾರಣ ಹೇಳಿರಲಿಲ್ಲ, "ಹಂಗೇ ಇರ್ಬೇಕು ಕಣೋ" ಅಂದಿದ್ದ, ಅಷ್ಟೇ.

ಮೇಲಿನ ಮಹಡಿಗಳಲ್ಲಿ ಕಾರುಗಳು. 1902ರಲ್ಲಿ ಈ ಕಂಪನಿ ಮಾಡಿದ ಮೊದಲ ಕಾರು ಪೆಟ್ರೋಲಿನದಲ್ಲ, ವಿದ್ಯುತ್ತಿನದು. ಎಲೆಕ್ಟ್ರಿಕ್ ಕಾರು ಇವತ್ತಿನ ಸೋಜಿಗ ಎಂದುಕೊಂಡಿದ್ದ ಅಕ್ಕನ ಮಗ ಅದನ್ನು ಎರಡು ಸುತ್ತು ಹಾಕಿ ನೋಡಿದ. ಪೆಟ್ರೋಲ್ ಕಾರು ಬಂದದ್ದು 1904ರಲ್ಲಿ. ಆದರೂ ಕುದುರೆ ಗಾಡಿ ಮಾಡುವುದನ್ನು ಅವರು ನಿಲ್ಲಿಸಿದ್ದು 1920ರಲ್ಲಿ! ಹದಿನೆಂಟು ವರ್ಷ ಎರಡು ದೋಣಿಯಲ್ಲೂ ಕಾಲು. ಗೇಲಿ ಮಾಡುವುದು ಸುಲಭ, ಆದರೆ ಕಾರು ಓಡಲು ಬೇಕಾದ ರಸ್ತೆ ಆಗ ಎಷ್ಟು ಕಡೆ ಇತ್ತು?

ಎರಡನೇ ಮಹಾಯುದ್ಧದಲ್ಲಿ ಇವರ ಲಾರಿಗಳು ರಷ್ಯಾಕ್ಕೆ ಹೋದವು. ಅಲ್ಲಿನವರು ಅವುಗಳ ಬೆನ್ನ ಮೇಲೆ ಕತ್ಯೂಷಾ ರಾಕೆಟ್ ಕೂರಿಸಿದರು. ಯುದ್ಧದ ನಂತರ ಬಂದ ಕಾರುಗಳಲ್ಲಿ ನನಗೆ ಮನಸ್ಸು ಹಿಡಿದದ್ದು ಅವಾಂತಿ. ರೇಮಂಡ್ ಲೋವಿಯ ತಂಡ ರೂಪಿಸಿ 1962ರಲ್ಲಿ ಬಿಡುಗಡೆಯಾದ ಫೈಬರ್‌ಗ್ಲಾಸ್ ಕಾರು. ಮುಂಭಾಗದಲ್ಲಿ ಜಾಲರಿಯೇ ಇಲ್ಲ, ಬಾಯಿ ಮುಚ್ಚಿಕೊಂಡ ಮುಖ. ಕಂಪನಿಯನ್ನು ಅದು ಉಳಿಸಲಿಲ್ಲ. 1963ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನ ಇರುವಾಗ, ಸೌತ್ ಬೆಂಡ್ ಕಾರ್ಖಾನೆ ನಿಂತಿತು. ಕೆನಡಾದ ಹ್ಯಾಮಿಲ್ಟನ್‌ನಲ್ಲಿ 1966ರವರೆಗೆ ಹೇಗೋ ಏದುಸಿರು ಬಿಟ್ಟಿತು.

ಆಮೇಲಿನ ಕಥೆ ಕಾರಿನದಲ್ಲ, ಮನುಷ್ಯರದು. ಅರವತ್ತು ದಾಟಿದ ಕೆಲಸಗಾರರಿಗೆ ಪೂರ್ತಿ ಪಿಂಚಣಿ ಸಿಕ್ಕಿತು. ಅದಕ್ಕಿಂತ ಚಿಕ್ಕವರಲ್ಲಿ ಸುಮಾರು 4000 ಜನರಿಗೆ ಬರಬೇಕಾದದ್ದರಲ್ಲಿ ನೂರಕ್ಕೆ 15 ಪಾಲು ಮಾತ್ರ, ಉಳಿದವರಿಗೆ ಏನೂ ಇಲ್ಲ. ಈ ಪ್ರಕರಣದ ಗದ್ದಲ ದೇಶದ ಸಂಸತ್ತಿನವರೆಗೆ ಹೋಗಿ, 1974ರಲ್ಲಿ ಖಾಸಗಿ ಪಿಂಚಣಿಗಳನ್ನು ಕಾಯುವ ಕೇಂದ್ರ ಕಾಯ್ದೆ ಬರುವುದಕ್ಕೆ ದೊಡ್ಡ ಕಾರಣವಾಯಿತು. ಅವಾಂತಿಗಿಂತ ಹೆಚ್ಚು ದೂರ ಓಡಿದ್ದು ಅದೇ ಇರಬೇಕು.

ಸಂಜೆ ಕ್ಲೆಮೆಂಟ್‌ನ ಮನೆಯ ಮುಂದೆ ಹಾದೆವು. 1889ರಲ್ಲಿ ಮುಗಿದ, ಒರಟು ಕಲ್ಲಿನ, 40 ಕೋಣೆಗಳ ಬಂಗಲೆ. ಕಮ್ಮಾರನ ಮಗ ಕಟ್ಟಿಸಿದ ಕೋಟೆ.

ಎರಡನೇ ದಿನ, ಶುಕ್ರವಾರ: ಎಲ್ಕ್‌ಹಾರ್ಟ್, ಶಿಪ್ಶೆವಾನಾ

ಎಲ್ಕ್‌ಹಾರ್ಟ್ ಸೌತ್ ಬೆಂಡಿನ ಪೂರ್ವಕ್ಕೆ ಅರ್ಧ ಗಂಟೆ. ಮನೆಯನ್ನೇ ಎಳೆದುಕೊಂಡು ಹೋಗುವ ಟ್ರೇಲರುಗಳನ್ನು, ಒಳಗೆ ಒಲೆ ಹಾಸಿಗೆ ಇರುವ ಬಸ್ಸಿನಂಥ ಗಾಡಿಗಳನ್ನು ಮಾಡುವ ಉದ್ಯಮ ಈ ಸುತ್ತಲೇ ಗುಂಪುಗೂಡಿದೆ. ಹೆದ್ದಾರಿಯ ಪಕ್ಕದ ಅವುಗಳ ಮ್ಯೂಸಿಯಮ್ಮಿನಲ್ಲಿ 1913ರ ಒಂದು ಟ್ರೇಲರ್ ಇದೆ, ಉಳಿದಿರುವವುಗಳಲ್ಲಿ ಅತಿ ಹಳೆಯದಂತೆ. ನಮ್ಮ ಕಡೆ ಜಾತ್ರೆಗೆ ಹೋಗುವ ಕಮಾನು ಗಾಡಿಗೆ ಕಿಟಕಿ ಇಟ್ಟ ಹಾಗಿತ್ತು. ಒಂದು ಗಂಟೆಯಲ್ಲಿ ನೋಡಿ ಮುಗಿಸಿದೆವು, ನನಗೆ ಅದರಲ್ಲಿ ಅಷ್ಟು ರುಚಿ ಹತ್ತಲಿಲ್ಲ. ಈ ಊರಿಗೂ ಗಾಡಿಯ ಬೇರು ಉಂಟು. ಅಂಚೆಯ ಮೂಲಕ ನೇರವಾಗಿ ರೈತರಿಗೆ ಬಗ್ಗಿ ಎಂಬ ಹಗುರ ಕುದುರೆ ಗಾಡಿ ಮಾರುತ್ತಿದ್ದ ಕಂಪನಿಯೊಂದು ಇಲ್ಲಿತ್ತು. ಆಮೇಲೆ ಅದೇ ಕಾರಿಗೆ ಇಳಿದು, 1915ರಿಂದ 1931ರವರೆಗೆ ಎಲ್ಕಾರ್ ಎಂಬ ಹೆಸರಿನಲ್ಲಿ ಮಾರಿ, ಮುಳುಗಿತು.

ಅಲ್ಲಿಂದ ಮುಂದೆ ರಸ್ತೆಯೇ ಬೇರೆ ಥರ. ಡಾಂಬರಿನ ಅಂಚಿನಲ್ಲಿ ಸವೆದ ಗುರುತು, ಅಲ್ಲಲ್ಲಿ ಲದ್ದಿ. ಜೋಳದ ಹೊಲಗಳ ನಡುವೆ ಕಪ್ಪು ಬಗ್ಗಿಗಳು ಟಕಟಕ ಬರತೊಡಗಿದವು. ಇದು ಆಮಿಶ್ ಎಂಬ ಕ್ರೈಸ್ತ ಪಂಗಡದ ಜನರ ಸೀಮೆ. ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳುವುದಿಲ್ಲ. ಬಗ್ಗಿಯ ಹಿಂದೆ ಮಾತ್ರ ಜಿಲ್ಲಾಡಳಿತದ ನಂಬರ್ ಪ್ಲೇಟು! ಅಂಗಡಿಗಳ ಮುಂದೆ ಕುದುರೆ ಕಟ್ಟಲು ಗೂಟದ ಸಾಲು, ಬ್ಯಾಂಕಿನ ಮುಂದೂ.

ವಿಚಾರಿಸಿಕೊಂಡು ಹೋಗಿ ಒಂದು ಬಗ್ಗಿ ಕಾರ್ಖಾನೆ ಹುಡುಕಿದೆವು. ಕಾರ್ಖಾನೆ ಎಂದರೆ ಹೊಲದ ನಡುವೆ ಒಂದು ಉದ್ದನೆಯ ಕೊಟ್ಟಿಗೆ. ಬಾಗಿಲಲ್ಲಿ ಬಿಳಿ ಗಡ್ಡದ, ಮೀಸೆ ಬೋಳಿಸಿದ ಯಜಮಾನ. ಫೋಟೋ ಬೇಡ, ನೋಡುವುದಕ್ಕೆ ಅಡ್ಡಿಯಿಲ್ಲ ಎಂದ. ಹೊರಗೆ ಡೀಸೆಲ್ ಎಂಜಿನ್ ಗುಡುಗುತ್ತಿತ್ತು. ಅದು ಗಾಳಿಯನ್ನು ಒತ್ತಿ ಕೊಳವೆಗೆ ತುಂಬುತ್ತದೆ, ಡ್ರಿಲ್ಲು ಗರಗಸ ಎಲ್ಲಾ ಆ ಗಾಳಿಯಲ್ಲೇ ತಿರುಗುತ್ತವೆ. ತಂತಿ ಬೇಡ, ಕೆಲಸ ನಿಲ್ಲುವುದೂ ಬೇಡ. ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾವುದನ್ನು ಹೊಸ್ತಿಲಾಚೆ ಇಡಬೇಕು ಎಂದು ಆಯಾ ಸಭೆಯೇ ಕೂತು ತೀರ್ಮಾನಿಸುತ್ತದಂತೆ. ಹಾಗಾಗಿ ಈ ಬಗ್ಗಿಗಳಲ್ಲಿ ಫೈಬರ್‌ಗ್ಲಾಸ್ ಮೈ ಇದೆ, ಬ್ಯಾಟರಿಯ ಎಲ್ಇಡಿ ದೀಪವಿದೆ, ಹೈಡ್ರಾಲಿಕ್ ಬ್ರೇಕಿದೆ. ಎಂಜಿನ್ ಒಂದೇ ಇಲ್ಲ.

ನನ್ನ ಅಜ್ಜನ ಕಥೆಯನ್ನು ಅಕ್ಕನ ಮಗ ಇಂಗ್ಲಿಷಿನಲ್ಲಿ ಹೇಳಿದ. ಮುದುಕ ಅಲ್ಲಿಯವರೆಗೆ ನಮ್ಮನ್ನು ಪ್ರವಾಸಿಗಳೆಂದು ನೋಡುತ್ತಿದ್ದವನು ತಟ್ಟನೆ ಕೇಳಿದ: "ಯಾವ ಮರ?"

"ಜಾಲಿ," ಅಂದೆ. ಅಕ್ಕನ ಮಗ ಫೋನಿನಲ್ಲಿ ಜಾಲಿಯ ಚಿತ್ರ ತೋರಿಸಿದ. ಮುಳ್ಳು ನೋಡಿ ಮುದುಕ ನಕ್ಕ. ಗೋಡೆಗೆ ಒರಗಿಸಿದ್ದ ಒಂದು ಅರೆಕಾಲನ್ನು ತಂದು ನನ್ನ ಕೈಯಲ್ಲಿಟ್ಟ. ಹಿಕರಿ ಮರ. ಬಾಗುತ್ತದೆ, ಮುರಿಯುವುದಿಲ್ಲ, ಬಡಿತ ತಾಳುತ್ತದೆ. ಈ ಸೀಮೆಯ ಕಾಡುಗಳಲ್ಲಿ ಹಿಕರಿ, ಓಕ್, ಆಶ್ ಯಥೇಚ್ಛವಾಗಿದ್ದವು, ನದಿಯೂ ರೈಲೂ ಹತ್ತಿರವಿದ್ದವು. ಊರೂರಿಗೂ ಗಾಡಿ ಕಾರ್ಖಾನೆ ಹುಟ್ಟಿದ್ದು ಅದಕ್ಕೇ. ಅರೆಕಾಲನ್ನು ನೆಲಕ್ಕೆ ಬಡಿದು ಕಿವಿಗೊಟ್ಟು ಕೇಳಿದೆ. ಅಜ್ಜ ಹಾಗೆ ಮಾಡುತ್ತಿದ್ದ, ಒಣಗದ ಮರ ಮಂಕಾಗಿ ನುಡಿಯುತ್ತದೆ. ಇದು ಗಂಟೆಯ ಹಾಗೆ ನುಡಿಯಿತು. ಮುದುಕ ತಲೆಯಾಡಿಸಿದ. ಆ ಹೊತ್ತಿಗೆ ದುಭಾಷಿ ಬೇಕಾಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಇಬ್ಬರಿಗೂ ಅದೇ ಮಾತು. ಈ ನೂರು ಮೈಲಿಯ ಸುತ್ತಳತೆಯಲ್ಲಿ ಗಾಡಿ ಬಿಟ್ಟು ಕಾರಿಗೆ ಹಾರಿದವರಲ್ಲಿ ನಾವು ನೋಡಲು ಬಂದವರೆಲ್ಲರೂ ಮ್ಯೂಸಿಯಮ್ ಸೇರಿದ್ದಾರೆ. ಹಾರದೆ ನಿಂತವರು ಇವತ್ತೂ ಆರ್ಡರ್ ತಗೊಳ್ಳುತ್ತಿದ್ದಾರೆ. ಹಾಗಂತ ನಿಂತದ್ದೇ ಜಾಣತನ ಎನ್ನಲಾರೆ. ಇವರ ಗಿರಾಕಿ ಬೇರೆ ಅಂಗಡಿಗೆ ಹೋಗದಂತೆ ಧರ್ಮವೇ ಕಾಯುತ್ತಿದೆ. ಸ್ಟೂಡಿಬೇಕರ್‌ಗೆ ಅಂಥ ಕಾವಲಿರಲಿಲ್ಲ, ನನ್ನ ಅಜ್ಜನಿಗೂ ಇರಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಅವನು ಬಾಗಿಲು ಕಿಟಕಿ ಮಾಡಿ ದಿನ ನೂಕಿದ.

ಮೂರನೇ ದಿನ, ಶನಿವಾರ: ಆಬರ್ನ್

ಆಬರ್ನ್ ಚಿಕ್ಕ ಊರು. ಒಂದು ನ್ಯಾಯಾಲಯದ ಕಟ್ಟಡ, ಅದರ ಸುತ್ತ ನಾಲ್ಕು ಬೀದಿ. ಅಂಥ ಊರಿನಲ್ಲಿ ನಾವು ನೋಡಲು ಬಂದ ಕಟ್ಟಡ ಯಾರೋ ಮರೆತು ಬಿಟ್ಟುಹೋದ ಹಾಗಿದೆ. 1930ರ ಆರ್ಟ್ ಡೆಕೊ ಷೋರೂಮ್, ಆಬರ್ನ್ ಕಾರು ಕಂಪನಿಯ ಮುಖ್ಯ ಕಚೇರಿ. 1974ರಿಂದ ಮ್ಯೂಸಿಯಮ್. ಒಳಗೆ ಕಾಲಿಟ್ಟರೆ ಬಣ್ಣದ ಟೆರಾಜೋ ನೆಲ, ಮೇಲೆ ಗೊಂಚಲು ದೀಪ, ನಡುವೆ ಕಾರುಗಳು ಇವತ್ತೇ ಮಾರಾಟಕ್ಕೆ ನಿಂತ ಹಾಗೆ. ಮ್ಯೂಸಿಯಮ್ಮಿಗಾಗಿ ಕಟ್ಟಿದ ಜಾಗಕ್ಕೂ ಕಾರು ಮಾರಲಿಕ್ಕೇ ಕಟ್ಟಿದ ಜಾಗಕ್ಕೂ ಇರುವ ವ್ಯತ್ಯಾಸ ಬಾಗಿಲಲ್ಲೇ ತಿಳಿಯುತ್ತದೆ. ಇಲ್ಲಿ ನಾವು ನೋಡುಗರಲ್ಲ, ದುಡ್ಡಿಲ್ಲದ ಗಿರಾಕಿಗಳು.

ಬೇರು ಇಲ್ಲೂ ಗಾಡಿಯದ್ದೇ. ಚಾರ್ಲ್ಸ್ ಎಕ್‌ಹಾರ್ಟ್ 1874ರಲ್ಲಿ ಸಾರೋಟು ಕಂಪನಿ ಹೂಡಿದ. ಅವನ ಮಕ್ಕಳು ಫ್ರಾಂಕ್ ಮತ್ತು ಮಾರಿಸ್ 1900ರ ಸುಮಾರಿಗೆ ಕಾರಿನ ಹುಚ್ಚು ಹಿಡಿಸಿಕೊಂಡು, 1903ರಲ್ಲಿ ಒಂದೇ ಸಿಲಿಂಡರಿನ ಕಾರನ್ನು ಮಾರಾಟಕ್ಕೆ ಇಳಿಸಿದರು. ಅಂಥ ಮೊದಲ ಕಾಲದ ಕಾರನ್ನು ಹತ್ತಿರದಿಂದ ನೋಡಿ: ಎತ್ತರದ ಸೀಟು, ಅಂಡಾಕಾರದ ಕಮಾನು ಸ್ಪ್ರಿಂಗು, ಮಡ್‌ಗಾರ್ಡು, ಎಲ್ಲಾ ಬಗ್ಗಿಯದ್ದು. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ತಡೆಯಲು ಮುಂದೆ ನಿಲ್ಲಿಸುತ್ತಿದ್ದ ಹಲಗೆಗೆ ಡ್ಯಾಶ್‌ಬೋರ್ಡ್ ಎಂದು ಹೆಸರು. ಕುದುರೆ ಹೋಯಿತು, ಕೆಸರೂ ಹೋಯಿತು, ಹಲಗೆಯ ಹೆಸರು ಉಳಿಯಿತು. ಈಗ ಅದರಲ್ಲಿ ಅಕ್ಕನ ಮಗ ಹಾಡು ಹಾಕುತ್ತಾನೆ.

ಬಣ್ಣದ್ದೂ ಗಾಡಿಯವರ ವಿದ್ಯೆಯೇ. ಸಾರೋಟಿಗೆ ಪದರದ ಮೇಲೆ ಪದರ ವಾರ್ನಿಷ್ ಬಳಿದು, ತಿಕ್ಕಿ, ಒಣಗಿಸಿ, ಮತ್ತೆ ಬಳಿಯುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಕಾರಿಗೂ 1920ರ ದಶಕದ ನಡುವೆ ಬೇಗ ಒಣಗುವ ಲ್ಯಾಕರ್ ಬರುವವರೆಗೆ ಅದೇ ಪಾಡು. ಆಬರ್ನ್ ಕಂಪನಿಯನ್ನು ಬದುಕಿಸಿದ್ದು ಕೂಡ ಬಣ್ಣವೇ ಎನ್ನಬೇಕು. 1924ರಲ್ಲಿ ಇ. ಎಲ್. ಕಾರ್ಡ್ ಎಂಬ, ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಮಾರಾಟಗಾರ ಇಲ್ಲಿಗೆ ಬಂದಾಗ ಅಂಗಳದ ತುಂಬ ಮಾರಾಟವಾಗದ ಕಾರುಗಳು. ಅವನು ಎಂಜಿನ್ ಮುಟ್ಟಲಿಲ್ಲ. ಕಣ್ಣು ಕುಕ್ಕುವ ಜೋಡಿ ಬಣ್ಣ ಬಳಿಸಿ, ನಿಕಲ್ ಹೊಳಪು ಕೊಡಿಸಿ ಅಷ್ಟನ್ನೂ ಮಾರಿಸಿದ. ಕೆಲವೇ ವರ್ಷದಲ್ಲಿ ಕಂಪನಿ ಅವನ ಕೈಯಲ್ಲಿ. ಇಂಥವರನ್ನು ನಾನು ಪೂರ್ತಿ ನಂಬುವುದಿಲ್ಲ, ಆದರೆ ಅವನು ಮಾಡಿಸಿದ ಕಾರುಗಳ ಮುಂದೆ ಅನುಮಾನ ಬಾಯಿ ಬಿಡುವುದಿಲ್ಲ.

1926ರಲ್ಲಿ ಅವನು ಡ್ಯೂಸೆನ್‌ಬರ್ಗ್ ಕಂಪನಿ ಕೊಂಡ. 1928ರ ಡಿಸೆಂಬರಿನಲ್ಲಿ ಮಾಡೆಲ್ ಜೆ ಬಂತು: ಸಾಲಾಗಿ ಎಂಟು ಸಿಲಿಂಡರ್, 265 ಅಶ್ವಶಕ್ತಿ ಎಂದು ಕಂಪನಿಯ ಹೇಳಿಕೆ. ಆಗಿನ ಫೋರ್ಡ್ ಮಾಡೆಲ್ ಎ ಕಾರಿಗಿದ್ದದ್ದು 40. ಅಶ್ವ ಬಿಟ್ಟರೂ ಅಳತೆಯಲ್ಲಿ ಅಶ್ವ ಬಿಡಲಿಲ್ಲ ನೋಡಿ. ಬೆಲೆ 8500 ಡಾಲರ್, ಅದೂ ಬರೀ ಷಾಸಿಗೆ. ಮೈ ಬೇಕಾದರೆ ಬೇರೆಯವರ ಹತ್ತಿರ ಕಟ್ಟಿಸಿಕೊಳ್ಳಬೇಕು. ನಮ್ಮಲ್ಲಿ ಲಾರಿ ಷಾಸಿ ತಂದು ಬಾಡಿ ಕಟ್ಟಿಸುತ್ತಾರಲ್ಲ, ಅದೇ ಲೆಕ್ಕ, ಗಿರಾಕಿ ಮಾತ್ರ ಹಾಲಿವುಡ್ ನಟ ಅಥವಾ ಮಹಾರಾಜ. ಇಂದೋರಿನ ಹೋಳ್ಕರ್ ಮಹಾರಾಜರ ಡ್ಯೂಸೆನ್‌ಬರ್ಗ್‌ಗೆ ಮೈ ಕಟ್ಟಿದ್ದು ಲಂಡನ್ನಿನ ಗರ್ನಿ ನಟಿಂಗ್, ಬಣ್ಣ ಕಿತ್ತಳೆ ಮತ್ತು ಕಪ್ಪು. ಒಳಗೆ ಮರದ ಅಸ್ಥಿಪಂಜರ, ಮೇಲೆ ಕೈಯಲ್ಲಿ ಬಡಿದು ಬಗ್ಗಿಸಿದ ಲೋಹದ ಹಾಳೆ. ಸಾರೋಟು ಮಾಡುವವರ ಕಸುಬು ಅದರ ಕೊನೆಯ ಕಾಲದಲ್ಲಿ ಎಷ್ಟು ಎತ್ತರಕ್ಕೆ ಹೋಗಿತ್ತು ಎಂದು ತಿಳಿಯಬೇಕಾದರೆ ಒಂದು ಡ್ಯೂಸೆನ್‌ಬರ್ಗಿನ ಬಾಗಿಲು ಮುಚ್ಚುವ ಸಂದು ನೋಡಬೇಕು. ಕೂದಲು ತೂರುವುದಿಲ್ಲ.

ಕಾರ್ಡ್ 810ರ ಹತ್ತಿರ ಅಕ್ಕನ ಮಗನನ್ನು ಎಳೆದು ತರಬೇಕಾಯಿತು. ಗಾರ್ಡನ್ ಬ್ಯೂರಿಗ್ ರೂಪಿಸಿದ ಕಾರು, 1936ರ ಮಾಡೆಲ್. ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹತ್ತಲು ಮೆಟ್ಟಿಲು ಹಲಗೆ ಇಲ್ಲ. ದೀಪಗಳು ಮಡ್‌ಗಾರ್ಡಿನೊಳಗೆ ಅಡಗಿವೆ, ರಾತ್ರಿ ಬೇಕಾದಾಗ ಒಳಗಿನಿಂದ ಕೈಯಲ್ಲಿ ಹಿಡಿ ತಿರುಗಿಸಿ ಎಬ್ಬಿಸಬೇಕು, ಎಡಕ್ಕೊಂದು ಬಲಕ್ಕೊಂದು. ಇದನ್ನು ನೋಡುವಾಗ ಒಂದು ತಿಳಿಯಿತು: ಗಾಡಿಯ ಗುರುತು ಒಂದೂ ಉಳಿಯದ ಮೊದಲ ಕಾರು ನಾನು ಈ ಪ್ರವಾಸದಲ್ಲಿ ಕಂಡದ್ದು ಇದೇ. ಕುದುರೆಯನ್ನು ಪೂರ್ತಿ ಮರೆಯಲು ಮೂವತ್ತು ಚಿಲ್ಲರೆ ವರ್ಷ ಹಿಡಿದಿತ್ತು. ಮರೆತ ಸ್ವಲ್ಪ ದಿನಕ್ಕೇ, 1937ರಲ್ಲಿ, ಆಬರ್ನ್, ಕಾರ್ಡ್, ಡ್ಯೂಸೆನ್‌ಬರ್ಗ್ ಮೂರೂ ನಿಂತವು. ಆರ್ಥಿಕ ಕುಸಿತದ ಕಾಲದಲ್ಲಿ ಇಷ್ಟು ಚಂದದ, ಇಷ್ಟು ದುಬಾರಿ ಕಾರನ್ನು ಯಾರು ಕೊಳ್ಳಬೇಕು?

ದೋಣಿಯ ಹಿಂಭಾಗದಂತೆ ಚೂಪಾದ ಬಾಲದ 1935ರ ಆಬರ್ನ್ ಸ್ಪೀಡ್‌ಸ್ಟರ್ ಮುಂದೆ ಒಬ್ಬ ತಾತ ಮೊಮ್ಮಗಳಿಗೆ ಏನೋ ಹೇಳುತ್ತಿದ್ದ. ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಫಲಕ, ಈ ಕಾರು ಗಂಟೆಗೆ 100 ಮೈಲಿಗಿಂತ ಹೆಚ್ಚು ಓಡಿದೆ ಎಂದು. ಕೆಳಗೆ ಕಾರ್ ರೇಸಿನ ಚಾಲಕ ಆ್ಯಬ್ ಜೆಂಕಿನ್ಸ್ ರುಜು. ಆ ಹುಡುಗಿಗೆ ಕಾರಿಗಿಂತ ನುಣುಪು ನೆಲದ ಮೇಲೆ ಜಾರುವುದೇ ಇಷ್ಟವಾಗಿತ್ತು.

ನಾಲ್ಕನೇ ದಿನ, ಭಾನುವಾರ: ಕೋಕೊಮೋ

ಬೆಳಿಗ್ಗೆ ನಾನು ಎದ್ದದ್ದು ತಡ. ನೈಋತ್ಯಕ್ಕೆ ಎರಡು ಗಂಟೆಯ ದಾರಿ, ಎರಡೂ ಕಡೆ ಕೊಯ್ಲಾದ ಜೋಳದ ಕೂಳೆ, ಬಿಟ್ಟೂಬಿಡದೆ ಸೋನೆ ಮಳೆ. ಕೋಕೊಮೋದಲ್ಲಿ ಎಲ್ವುಡ್ ಹೇನ್ಸ್ ಬದುಕಿದ್ದ ಮನೆ ಈಗ ಮ್ಯೂಸಿಯಮ್, ಆದರೆ ನಾವು ಹೋದಾಗ ಬಾಗಿಲು ಹಾಕಿತ್ತು. ಸಮಯ ನೋಡಿಕೊಂಡು ಬರದ ತಪ್ಪು ನಮ್ಮದೇ. ಮೊದಲ ದಿನ ಗಡಿಯಾರ ಕೈಕೊಟ್ಟಿತ್ತು, ಕೊನೆಯ ದಿನ ನಾವೇ ಗಡಿಯಾರಕ್ಕೆ ಕೈಕೊಟ್ಟೆವು. ಕಿಟಕಿಗೆ ಹಣೆ ಹಚ್ಚಿ ಇಣುಕಿದೆ, ಪರದೆ ಮಾತ್ರ ಕಂಡಿತು.

ಹೇನ್ಸ್ ಗಾಡಿ ಮಾಡುವವನಲ್ಲ, ನೈಸರ್ಗಿಕ ಅನಿಲ ಕಂಪನಿಯ ಮೇಲ್ವಿಚಾರಕ. ಲೋಹಗಳ ಹುಚ್ಚು. ಸ್ಟೆಲೈಟ್ ಎಂಬ ಗಟ್ಟಿ ಮಿಶ್ರಲೋಹ ಅವನದೇ. ಕೆಲಸಕ್ಕಾಗಿ ದಿನಾ ಕುದುರೆ ಗಾಡಿಯಲ್ಲಿ ದೂರದೂರ ಅಲೆದು, ಕುದುರೆ ಬೇಗ ಸೋಲುತ್ತದೆ ಎಂದು ಬೇಸತ್ತು ಬೇರೆ ದಾರಿ ಯೋಚಿಸಿದ. ಎಂಜಿನ್ ಕೊಂಡು ತಂದು, ಊರಿನ ಆ್ಯಪರ್ಸನ್ ಅಣ್ಣತಮ್ಮಂದಿರ ಕಾರ್ಖಾನೆಯಲ್ಲಿ ಗಾಡಿಯೊಂದನ್ನು ಕಟ್ಟಿಸಿದ. ಅಮೆರಿಕದ ಮೊದಲ ಕಾರು ತನ್ನದೇ ಎಂದು ಅವನ ಕಂಪನಿ ಆಮೇಲೆ ಸಾರಿಕೊಂಡಿತು. ಅದು ಸರಿಯಲ್ಲ, ಮ್ಯಾಸಚೂಸೆಟ್ಸಿನ ಡ್ಯೂರಿಯಾ ಅಣ್ಣತಮ್ಮಂದಿರು 1893ರಲ್ಲೇ ಓಡಿಸಿದ್ದರು. ಆದರೂ ತೀರಾ ಮೊದಲಿನವುಗಳಲ್ಲಿ ಒಂದು. ಅದು ಈಗ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದೆ.

ಮನೆ ಮುಚ್ಚಿದ್ದರೇನು, ರಸ್ತೆ ಮುಚ್ಚಿರುವುದಿಲ್ಲವಲ್ಲ. ಊರಾಚೆಯ ಪಂಪ್ಕಿನ್‌ವೈನ್ ಪೈಕ್ ಹುಡುಕಿಕೊಂಡು ಹೊರಟೆವು. ಕುಂಬಳಬಳ್ಳಿ ರಸ್ತೆ! ಅಕ್ಕನ ಮಗ ಮಳೆಯಲ್ಲಿ ವೈಪರ್ ಹಾಕಿಕೊಂಡು ನಿಧಾನ ಓಡಿಸಿದ, ನಾನು ಆ ದಿನದ ಕಥೆ ಹೇಳಿದೆ. 1894ರ ಜುಲೈ 4, ಸ್ವಾತಂತ್ರ್ಯೋತ್ಸವ. ಬೀದಿ ತುಂಬ ಜನ, ಜನರ ಜೊತೆ ಕುದುರೆಗಳು. ಎಂಜಿನ್ ಸದ್ದಿಗೆ ಅವು ಬೆದರಿ ಯಾರನ್ನಾದರೂ ತುಳಿದಾವು ಎಂಬ ಅಂಜಿಕೆ. ಅದಕ್ಕೆ ಹೇನ್ಸ್ ಊರೊಳಗೆ ಎಂಜಿನ್ ಹಚ್ಚಲಿಲ್ಲ. ಊರಾಚೆ ಹೋದ ಮೇಲೆ ಹಚ್ಚಿ, ಗಂಟೆಗೆ ಏಳು ಮೈಲಿಯ ವೇಗದಲ್ಲಿ ಓಡಿಸಿದ.

"ಹಚ್ಚದೆ ಊರಾಚೆವರೆಗೆ ಹೇಗೆ ತಂದ?" ಅಂದ ಅಕ್ಕನ ಮಗ.

"ಕುದುರೆ ಕಟ್ಟಿ ಎಳೆಸಿಕೊಂಡು ಬಂದ."